ಮಲಪ್ರಭೆ ಸೀಮೆಯ ಅಗ್ನಿಶಾಮಕ ಠಾಣಾಧಿಕಾರಿ: ಕೆಲಸ, ಕಲಿಕೆ, ಹೊಣೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಿಗೂ ಅಡಿಕೆ, ಕಾಫಿ ಬೆಳೆಗಾರರ ಈ ಪತ್ರಿಕೆಗೂ ಏನು ನಂಟು ಎಂದು ಓದುಗ ಬಂಧುಗಳು ಕೇಳಿದರೆ ತಪ್ಪಲ್ಲ. ಅಲ್ಲಿನದು ಬಹುಪಾಲು ಎರೆಭೂಮಿ. ಹತ್ತಿ, ಜೋಳ, ಗೋವಿನಜೋಳ, ಕಡಲೆ. ನೀರು ಇದ್ದಲ್ಲಿ ಕಬ್ಬು. ಕಾಫಿ ಬೆಳೆಯುವ ಮಾತಿರಲಿ, ಕುಡಿಯುವುದೂ ಕಡಮೆ. ಅವರು ಚಹಾದ ಮಂದಿ. ಆದರೂ ಎರಡು ಕಾರಣಕ್ಕಾಗಿ ಆ ಸೀಮೆಯ ಕಡೆಗೆ ನಮ್ಮ ಗಮನ ಹರಿಯಬೇಕು.

ಮೊದಲನೆಯದು, ನಮ್ಮ ಮನೆಗಳ ಮಕ್ಕಳ ಪ್ರಶ್ನೆ. ಮೂರು ನಾಲ್ಕು ಎಕರೆ ತೋಟವಿರುವ ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಒಬ್ಬರಿಗೆ ತೋಟ, ಇನ್ನೊಬ್ಬರಿಗೆ ನೌಕರಿ ಎಂಬುದು ಈಗ ಸರ್ವೇಸಾಮಾನ್ಯ. ಆ ನೌಕರಿ ಎಂದರೆ ಬೆಂಗಳೂರು ಎಂದೇ ತಿಳಿದವರು ಹೆಚ್ಚು. ತಾಲ್ಲೂಕು ಕೇಂದ್ರದಲ್ಲಿ ಕೆಂಪು ಬಂಡಿ ನಿಲ್ಲಿಸಿಕೊಂಡು ಕುಳಿತಿರುವ ಅಗ್ನಿಶಾಮಕ ಠಾಣೆಯ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಎರಡನೆಯದು, ನಮ್ಮ ಅಡಿಕೆ ಅಟ್ಟ, ಕಾಫಿ ಗೋಡೌನು, ಸೊಪ್ಪಿನ ಬೆಟ್ಟ ಇವುಗಳಿಗೆ ಬೆಂಕಿ ಬಿದ್ದ ದಿನ ನಾವು ಕಾಯುವುದು ಅದೇ ಕೆಂಪು ಬಂಡಿಯನ್ನು. ಅದರಲ್ಲಿ ಬರುವವರು ಯಾರು, ಏನು ಕಲಿತು ಬಂದವರು, ಅವರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಬೆಂಕಿ ಬೀಳುವ ಮೊದಲೇ ತಿಳಿದಿರುವುದು ಲೇಸು. ಇದನ್ನು ತಿಳಿಯಲು ಮೇಲಿನ ನಾಲ್ಕು ತಾಲ್ಲೂಕುಗಳಷ್ಟು ಅನುಕೂಲವಾದ ಜಾಗ ನಾಡಿನಲ್ಲಿ ಕಡಮೆ. ಹತ್ತಿಯ ಪೇಟೆ, ಕಬ್ಬಿನ ಹೊಲ, ಹೆದ್ದಾರಿ, ಲಕ್ಷಗಟ್ಟಲೆ ಜನ ಸೇರುವ ಜಾತ್ರೆ, ದೊಡ್ಡ ಜಲಾಶಯ, ಅದರ ಕೆಳಗೆ ನೆರೆಗೆ ಸಿಕ್ಕುವ ಊರು, ಎಲ್ಲವೂ ಅಲ್ಲಿ ಒಂದೇ ನದಿಯ ಆಸುಪಾಸಿನಲ್ಲಿವೆ.

ದೂರದ ಲೆಕ್ಕ

ದೇಶದ ಅಗ್ನಿಶಾಮಕ ಸೇವೆಗೆ ಸಲಹೆ ಕೊಡಲು ಕೇಂದ್ರ ಸರ್ಕಾರ ರಚಿಸಿದ ಸ್ಥಾಯೀ ಸಲಹಾ ಮಂಡಳಿಯ ಮಾನದಂಡದಂತೆ, ಹಳ್ಳಿಗಾಡಿನಲ್ಲಿ 50 ಚದರ ಕಿಲೋಮೀಟರಿಗೆ ಒಂದು ಠಾಣೆ ಇರಬೇಕು. ಕರೆ ಬಂದ 20 ನಿಮಿಷದೊಳಗೆ ಬಂಡಿ ಸ್ಥಳ ಮುಟ್ಟಬೇಕು. ಇತ್ತ ಕಿತ್ತೂರು ಬೇರೆ ತಾಲ್ಲೂಕಾಗುವ ಮೊದಲಿನ ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ಮೂರು ಹಳೆಯ ತಾಲ್ಲೂಕುಗಳು ಒಂದೊಂದೂ ಸಾವಿರ ಚದರ ಕಿಲೋಮೀಟರಿಗಿಂತ ದೊಡ್ಡವು. ಠಾಣೆ ಇರುವುದು ತಾಲ್ಲೂಕು ಊರಲ್ಲಿ. ಅಂಚಿನ ಹಳ್ಳಿಗೆ ಇಪ್ಪತ್ತು ನಿಮಿಷದಲ್ಲಿ ಹೋಗಿ ಸೇರುವುದು ಯಾವ ಚಾಲಕನಿಂದಲೂ ಆಗದ ಕೆಲಸ. ನಮ್ಮ ಮಲೆನಾಡಿನ ತಾಲ್ಲೂಕುಗಳ ಗತಿಯೂ ಇದೇ. ಮೇಲೆ ಘಟ್ಟದ ತಿರುವು, ಮಣ್ಣುರಸ್ತೆ, ಕಾಲುಸಂಕ ಬೇರೆ.

ಇನ್ನು ಬಂಡಿಯ ಲೆಕ್ಕ. ಸಾಮಾನ್ಯ ಅಗ್ನಿಶಾಮಕ ವಾಹನದ ತೊಟ್ಟಿ ಹಿಡಿಯುವುದು 4,500 ಲೀಟರ್ ನೀರು. ಕೇಳಲು ದೊಡ್ಡದು. ಎರಡು ಕೊಳವೆ ಬಿಟ್ಟು ಒಂದೊಂದರಲ್ಲಿ ನಿಮಿಷಕ್ಕೆ 250 ಲೀಟರಿನಂತೆ ಹೊಡೆದರೆ ಒಂಬತ್ತೇ ನಿಮಿಷಕ್ಕೆ ತೊಟ್ಟಿ ಖಾಲಿ. ಆಮೇಲೆ ನೀರೆಲ್ಲಿ? ಬಂಡಿಯ ಪಂಪು ಕೆರೆ ಬಾವಿಯಿಂದ ನೀರು ಎಳೆಯಬಲ್ಲದು, ಆದರೆ ನೀರಿನ ಮಟ್ಟ ಸುಮಾರು 7 ಮೀಟರಿಗಿಂತ ಕೆಳಗಿದ್ದರೆ ಎಂಥ ಪಂಪೂ ಸೋಲುತ್ತದೆ. ಇದು ಯಂತ್ರದ ದೋಷವಲ್ಲ, ಗಾಳಿಯ ಒತ್ತಡದ ಮಿತಿ. ಬಯಲುಸೀಮೆಯ ಬೇಸಿಗೆಯಲ್ಲಿ ತೆರೆದ ಬಾವಿಯ ನೀರು ಅದಕ್ಕಿಂತ ಮೇಲಿರುವುದು ಅಪರೂಪ.

ಈ ಎರಡು ಲೆಕ್ಕಗಳೇ ಠಾಣಾಧಿಕಾರಿಯ ವೃತ್ತಿಯ ತಳಪಾಯ. ಬೆಂಕಿ ಆರಿಸುವವನು ಎಂದರೆ ಕೊಳವೆ ಹಿಡಿದು ಜ್ವಾಲೆಯ ಮುಂದೆ ನಿಂತವನು ಎಂದು ನಾವು ಚಿತ್ರ ಬರೆದುಕೊಂಡಿದ್ದೇವೆ. ಒಳ್ಳೆಯ ಠಾಣಾಧಿಕಾರಿಯ ಹೆಚ್ಚಿನ ಕೆಲಸ ಗಂಟೆ ಬಾರಿಸುವ ಮೊದಲೇ ಮುಗಿದಿರುತ್ತದೆ. ಯಾವ ಹಳ್ಳಿಗೆ ಯಾವ ದಾರಿ, ಯಾವ ಸೇತುವೆ ಹತ್ತು ಟನ್ನಿಗೂ ಮಿಕ್ಕ ಬಂಡಿಯನ್ನು ತಾಳುತ್ತದೆ, ಯಾವ ಕೃಷಿಹೊಂಡದ ಬದಿಗೆ ಬಂಡಿ ನಿಲ್ಲಿಸಬಹುದು, ಯಾವ ಸಕ್ಕರೆ ಕಾರ್ಖಾನೆಯಲ್ಲಿ ಟ್ಯಾಂಕರು ಸಿಗುತ್ತದೆ, ಹೆಸ್ಕಾಂ ಕಚೇರಿಯಲ್ಲಿ ರಾತ್ರಿ ಫೋನು ಎತ್ತುವವರು ಯಾರು, ಇವೆಲ್ಲ ಅವನ ತಲೆಯಲ್ಲೂ ಠಾಣೆಯ ಗೋಡೆಯ ನಕಾಶೆಯಲ್ಲೂ ಇರಬೇಕು. ಹೊಸದಾಗಿ ವರ್ಗವಾಗಿ ಬಂದವನು ಮೊದಲ ತಿಂಗಳು ತಾಲ್ಲೂಕು ಸುತ್ತುವುದರಲ್ಲೇ ಕಳೆಯಬೇಕು. ಸುತ್ತದವನು ಕರೆ ಬಂದ ರಾತ್ರಿ ದಾರಿ ಕೇಳುತ್ತ ನಿಲ್ಲುತ್ತಾನೆ.

ಬೆಂಗಳೂರಿನ ಎತ್ತರದ ಕಟ್ಟಡಗಳಿಗಾಗಿ 90 ಮೀಟರ್ ಮೇಲೇರುವ ಏಣಿಬಂಡಿ ಬಂದಿದೆ, ಸಂತೋಷವೇ. ಆದರೆ ಹಳ್ಳಿಗಾಡಿಗೆ ಬೇಕಾದದ್ದು ಕಿರುದಾರಿಯಲ್ಲಿ ನುಗ್ಗುವ ಸಣ್ಣ ಬಂಡಿಗಳು ಮತ್ತು ಹೆಗಲ ಮೇಲೆ ಹೊತ್ತೊಯ್ಯುವ ಪಂಪುಗಳು ಎಂಬುದು ಈ ಲೇಖಕನ ಅಭಿಪ್ರಾಯ. ಅಂಥವು ಬರುತ್ತಿವೆ, ಸಾಲದು.

ಹತ್ತಿ ಕಲಿಸುವ ಪಾಠ

ಬೈಲಹೊಂಗಲ ಎಂದರೆ ಎಲ್ಲರಿಗೂ ನೆನಪಾಗುವುದು ಕಿತ್ತೂರ ರಾಣಿ ಚೆನ್ನಮ್ಮನ ಸಮಾಧಿ. ವ್ಯಾಪಾರಸ್ಥರಿಗೆ ನೆನಪಾಗುವುದು ಹತ್ತಿ. ಬಿಸಿಲು ಏರಿದಾಗ ಜಿನ್ನಿಂಗ್ ಫ್ಯಾಕ್ಟರಿಯ ಅಂಗಳದಲ್ಲಿ ಬಿಡಿ ಹತ್ತಿಯ ರಾಶಿ, ಒಳಗೆ ಒತ್ತಿ ಕಟ್ಟಿದ ಅರಳೆಯ ಅಂಡಿಗೆಗಳು. ಬಿಡಿ ಹತ್ತಿಗೆ ಕಿಡಿ ತಗಲಿದರೆ ರಾಶಿಯ ಮೈಮೇಲೆ ಬೆಂಕಿ ಓಡಿದಂತೆ ಹೋಗುತ್ತದೆ. ಅದು ಕಣ್ಣಿಗೆ ಕಾಣುವ ಬೆಂಕಿ. ಅಂಡಿಗೆಯದು ಬೇರೆ ಜಾತಿ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯನ್ನೇ ಉಂಡು ಬೆಂಕಿ ಒಳಗೊಳಗೇ ಕೊರೆಯುತ್ತದೆ. ಮೇಲೆ ಎಷ್ಟು ನೀರು ಸುರಿದರೂ ತಿರುಳಿಗೆ ಇಳಿಯುವುದಿಲ್ಲ. ಆರಿತೆಂದು ಮನೆಗೆ ಹೋದವರನ್ನು ಎರಡನೆಯ ದಿನ ಮತ್ತೆ ಕರೆಸುತ್ತದೆ. ಅಂಡಿಗೆಯನ್ನು ಹೊರಗೆಳೆದು, ಪಟ್ಟಿ ಕತ್ತರಿಸಿ, ಬಿಡಿಸಿ ನೆನೆಸುವುದೊಂದೇ ಉಪಾಯ.

ಇಡೀ ದೇಶದ ಅಗ್ನಿಶಾಮಕ ಸಿಬ್ಬಂದಿ ವರ್ಷಕ್ಕೊಮ್ಮೆ ತಲೆಬಾಗುವ ದಿನದ ಹಿಂದೆ ಇರುವುದೂ ಹತ್ತಿಯ ಬೆಂಕಿಯೇ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿನಲ್ಲಿ ಅರಳೆಯ ಅಂಡಿಗೆಗಳೂ ಸಾವಿರಕ್ಕೂ ಮಿಕ್ಕ ಟನ್ ಸ್ಫೋಟಕಗಳೂ ಒಟ್ಟಿಗೇ ಇದ್ದವು. ಹತ್ತಿ ಇಟ್ಟ ಕಡೆ ಹೊಗೆ ಕಂಡಿತು. ಅಗ್ನಿಶಾಮಕರು ಗಂಟೆಗಟ್ಟಲೆ ನೀರು ಹೊಡೆದರು. ಬೆಂಕಿಯ ಮೂಲ ಸಿಗಲಿಲ್ಲ. ಸಂಜೆಯ ಹೊತ್ತಿಗೆ ಸ್ಫೋಟಕ ಹತ್ತಿಕೊಂಡು ಹಡಗೂ ಡಾಕೂ ಸಿಡಿದುಹೋದವು. ಒಟ್ಟು ಸತ್ತವರು ನೂರಾರು. ಅವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ. ಅವರ ನೆನಪಿಗೆ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಬೈಲಹೊಂಗಲದಂಥ ಊರಿನ ಠಾಣೆಯಲ್ಲಿ ಆ ದಿನ ಹೂಮಾಲೆ ಇಡುವವನಿಗೆ ಅದು ಪುಸ್ತಕದ ಕಥೆ ಎನಿಸಲಾರದು. ಅವನ ಪೇಟೆಯಲ್ಲೂ ಅದೇ ಅರಳೆ ಇದೆ.

ನಮಗೂ ಇದರಲ್ಲಿ ಪಾಲಿದೆ. ಹಸಿ ಇರುವಾಗಲೇ ಒಟ್ಟಿದ ಹುಲ್ಲಿನ ಬಣವೆ, ಅಡಿಕೆ ಸಿಪ್ಪೆಯ ರಾಶಿ, ಕಾಫಿ ಹೊಟ್ಟಿನ ಗುಡ್ಡೆ ಇವೂ ಒಳಗೇ ಕಾಯುವ ಜಾತಿಯವು. ಹುಲ್ಲಿನಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ತೇವ ಉಳಿದಿದ್ದರೆ ಒಳಗಿನ ಸೂಕ್ಷ್ಮಜೀವಿಗಳಿಂದ ಶಾಖ ಹುಟ್ಟಿ, ದಿನಗಳೋ ವಾರಗಳೋ ಕಳೆದ ಮೇಲೆ ಯಾರೂ ಕಡ್ಡಿ ಗೀರದೆಯೇ ಬೆಂಕಿ ಏಳಬಹುದು. ಬಣವೆಯಿಂದ ಸುಟ್ಟ ಬೆಲ್ಲದಂಥ ವಾಸನೆ ಬಂದರೆ, ಬೆಳಗಿನ ಜಾವ ಹಬೆ ಆಡಿದರೆ, ಕಬ್ಬಿಣದ ಸಲಾಕೆ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಟ್ಟಿ ನೋಡಿ. ಕೈಗೆ ತಡೆಯದಷ್ಟು ಬಿಸಿಯಾಗಿದ್ದರೆ ನೀವೇ ಬಣವೆ ಕೆದಕಲು ಹೋಗದೆ ಠಾಣೆಗೆ ತಿಳಿಸಿ. ಗಾಳಿ ಹೊಕ್ಕ ಕೂಡಲೆ ಅದು ಭುಗಿಲೇಳುತ್ತದೆ.

ಕಬ್ಬಿನ ಹೊಲದಲ್ಲಿ ಲೆಕ್ಕವೇ ಬೇರೆ. ನವೆಂಬರಿನಿಂದ ಮಾರ್ಚಿಯವರೆಗೆ ಕಬ್ಬು ಕಡಿಯುವ ಕಾಲ. ಒಣಗಿದ ರವದಿ, ಮಧ್ಯಾಹ್ನದ ಗಾಳಿ, ಮೇಲೆ ಜೋತುಬಿದ್ದ ವಿದ್ಯುತ್ ತಂತಿ. ಎರಡು ತಂತಿ ತಾಕಿ ಕಿಡಿ ಬಿದ್ದರೆ ಒಂದು ಹೊಲದ ಬೆಂಕಿ ಹತ್ತು ಹೊಲಕ್ಕೆ ಹಾರುತ್ತದೆ. ಠಾಣೆಗೆ ಬರುವ ಕರೆ ಸಾಮಾನ್ಯವಾಗಿ ಎರಡೇ ಮಾತಿನದು: "ಬೆಂಕಿ ಹತ್ತೇತ್ರಿ, ಲಗೂ ಬರ್ರಿ." ಊರ ಹೆಸರು ಹೇಳುವ ಮೊದಲೇ ಫೋನು ಕಟ್. ಫೋನು ಹಿಡಿದವನು ಆ ಎದೆಬಡಿತದ ನಡುವೆಯೇ "ಅಣ್ಣಾರ, ಯಾವ ಊರು, ಯಾರ ಹೊಲ, ಹಳ್ಳದ ಈಚಿಗೋ ಆಚಿಗೋ" ಎಂದು ಕೇಳಿ ತೆಗೆಯಬೇಕು. ಸ್ಥಳ ಮುಟ್ಟಿದ ಮೇಲೆ ಅನುಭವಸ್ಥ ಅಧಿಕಾರಿ ಜ್ವಾಲೆಯ ಬೆನ್ನು ಹತ್ತಿ ಓಡುವುದಿಲ್ಲ. ಗಾಳಿ ಎತ್ತ ಬೀಸುತ್ತಿದೆ ನೋಡಿ, ಬೆಂಕಿ ಬರುವ ದಿಕ್ಕಿನಲ್ಲಿ ಮುಂದೆ ಹೋಗಿ, ಹಸಿ ಕಬ್ಬು ಕಡಿಸಿ ಬಯಲು ಮಾಡಿಸುತ್ತಾನೆ. ಇರುವ 4,500 ಲೀಟರನ್ನು ಆ ಗೆರೆಯನ್ನು ಕಾಯಲು ಬಳಸುತ್ತಾನೆ. ಹತ್ತಿ ಉರಿಯುತ್ತಿರುವುದನ್ನು ಬಿಟ್ಟುಕೊಟ್ಟು ಉಳಿದದ್ದನ್ನು ಕಾಯುವ ತೀರ್ಮಾನ ಅದು. ಕಣ್ಣೆದುರೇ ವರ್ಷದ ದುಡಿಮೆ ಉರಿಯುತ್ತಿರುವ ರೈತನಿಗೆ ಇದು ಹೇಗೆ ಕಾಣುತ್ತದೆಂದು ಬೇರೆ ಹೇಳಬೇಕಿಲ್ಲ. ಬೈಗುಳ ತಿನ್ನುತ್ತ ಸರಿಯಾದ ಕೆಲಸ ಮಾಡುವುದು ಈ ವೃತ್ತಿಯ ದೊಡ್ಡ ಪಾಲು. ಸುಟ್ಟ ಕಬ್ಬನ್ನು ಬೇಗ ನುರಿಸದಿದ್ದರೆ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವಾದ್ದರಿಂದ, ಕಾರ್ಖಾನೆಗೆ ಆ ದಿನವೇ ಸುದ್ದಿ ಮುಟ್ಟಿಸುವುದೂ ನಷ್ಟ ತಡೆಯುವ ಕೆಲಸವೇ.

ಎಲ್ಲಮ್ಮನ ಗುಡ್ಡ

ಸವದತ್ತಿಯ ರೇಣುಕಾ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷಾಂತರ ಭಕ್ತರು ಬರುತ್ತಾರೆ. ಚಕ್ಕಡಿ ಕಟ್ಟಿಕೊಂಡು ಬರುವವರು ಇಂದಿಗೂ ಇದ್ದಾರೆ. ಟ್ರ್ಯಾಕ್ಟರು, ಲಾರಿ, ಬಸ್ಸುಗಳಂತೂ ಸರಿಯೇ. ಗುಡ್ಡದ ಮೈಯೆಲ್ಲ ಬಿಡಾರ, ಕಲ್ಲು ಹೂಡಿದ ಒಲೆ, ಹೋಳಿಗೆ, ಕಡಬು. ಒಂದು ಬಂಡಿ, ಹತ್ತಾರು ಸಿಬ್ಬಂದಿ, ಲಕ್ಷ ಒಲೆ. ಇಲ್ಲಿ ಬೆಂಕಿ ಆರಿಸುವ ಮಾತು ಹಿಂದಕ್ಕೆ ಸರಿದು, ಜನ ಹೆದರಿ ಓಡದಂತೆ ನೋಡಿಕೊಳ್ಳುವ ಮಾತು ಮುಂದೆ ಬರುತ್ತದೆ. ಅಂಗಡಿ ಸಾಲುಗಳ ನಡುವೆ ಬಂಡಿ ನುಗ್ಗುವಷ್ಟು ಹಾದಿ ಬಿಡಿಸಬೇಕು. ಚಹಾದಂಗಡಿಯ ಗ್ಯಾಸ್ ಸಿಲಿಂಡರು ಎಲ್ಲಿಟ್ಟಿದ್ದಾರೆ, ಕಂಬದಿಂದ ತಂತಿ ಎಳೆದವರು ಯಾರು ಎಂದು ಜಾತ್ರೆಗೆ ಮೊದಲೇ ಸುತ್ತಾಡಿ ನೋಡಬೇಕು. ಎಣ್ಣೆಹೊಂಡದಲ್ಲಿ, ಜೋಗುಳಬಾವಿಯಲ್ಲಿ ಮುಳುಗು ಹಾಕುವವರ ಮೇಲೂ ಒಂದು ಕಣ್ಣು ಬೇಕು.

ಅಂಗಡಿಯವನ ಜತೆ, ಪಂಚರ ಜತೆ ಜಗಳ ಕಟ್ಟಿಕೊಳ್ಳುವ ಕೆಲಸವಿದು. "ಹರಕತ್ ಮಾಡಬ್ಯಾಡ್ರಿ ಸಾಹೇಬ್ರ, ವರ್ಷಕ್ಕ ಒಮ್ಮಿ ಜಾತ್ರಿ" ಎಂಬ ಮಾತಿಗೆ ಕರಗಿದರೆ ಆ ದಿನ ಎಲ್ಲರಿಗೂ ಒಳ್ಳೆಯವನಾಗಬಹುದು. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಬಟ್ಟೆಯ ಡೇರೆ ಉರಿದು ಬಿದ್ದದ್ದು ಕೆಲವೇ ನಿಮಿಷದಲ್ಲಿ, ನೂಕುನುಗ್ಗಲಿನಲ್ಲಿ ತುಳಿತಕ್ಕೆ ಸಿಕ್ಕವರೂ ಬಹಳ. ಅಂಥ ಕಡೆ ಬಂಡಿ ಎಷ್ಟು ಬೇಗ ಬಂದರೂ ತಡವೇ. ಉಳಿಸುವುದೇನಿದ್ದರೂ ಡೇರೆ ಹಾಕುವ ದಿನ ಬಂದು, ಬಾಗಿಲು ಎಷ್ಟು ಎಂದು ಎಣಿಸಿ, ಸಾಲದೆಂದು ಬರೆದುಕೊಡುವ ಅಧಿಕಾರಿ. ನಮ್ಮೂರ ಯಕ್ಷಗಾನದ ಚಪ್ಪರಕ್ಕೂ, ಶಾಲೆಯ ಸೋಗೆ ಹೊದಿಸಿದ ಪೆಂಡಾಲಿಗೂ ಇದೇ ಅನ್ವಯ.

ಕಿತ್ತೂರಿನ ವಿಚಾರ ಚಿಕ್ಕದರಲ್ಲಿ ಹೇಳಬಹುದು. ಪುಣೆ–ಬೆಂಗಳೂರು ಹೆದ್ದಾರಿ ಅದರ ಪಕ್ಕದಲ್ಲೇ ಹೋಗುತ್ತದೆ. ಅಲ್ಲಿನ ಕರೆಗಳಲ್ಲಿ ಬೆಂಕಿಗಿಂತ ಹೆಚ್ಚು ಗುದ್ದಾಟ. ನುಜ್ಜಾದ ಲಾರಿಯೊಳಗೆ ಕಾಲು ಸಿಕ್ಕಿಕೊಂಡ ಚಾಲಕನನ್ನು ಕತ್ತರಿಸುವ ಯಂತ್ರ ಹಿಡಿದು ಬಿಡಿಸುವ ಕೆಲಸ. ಹಿಂದೆ ಅಗ್ನಿಶಾಮಕ ದಳ ಎಂದಷ್ಟೇ ಇದ್ದ ಇಲಾಖೆಯ ಹೆಸರು ಅಗ್ನಿಶಾಮಕ ಮತ್ತು ತುರ್ತು ಸೇವೆಗಳು ಎಂದಾದದ್ದು ಸುಮ್ಮನೆ ಅಲ್ಲ.

ಘಟ್ಟದ ಮಳೆ, ರಾಮದುರ್ಗದ ನೆರೆ

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ನಮ್ಮದೇ ಸಹ್ಯಾದ್ರಿಯ ಮಳೆಯಲ್ಲಿ. ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿಯನ್ನು ಹಾಯ್ದು, ಸವದತ್ತಿಯ ಹತ್ತಿರ ನವಿಲುತೀರ್ಥದ ಕಣಿವೆಯಲ್ಲಿ 37.73 ಟಿ.ಎಂ.ಸಿ. ಹಿಡಿಯುವ ರೇಣುಕಾಸಾಗರವಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಮುನವಳ್ಳಿ, ರಾಮದುರ್ಗ. ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆ. ರಾಮದುರ್ಗದಲ್ಲಿ ಹನಿ ಮಳೆ ಇಲ್ಲದ ದಿನವೂ ನೆರೆ ಬರಬಹುದೆಂಬ ವಿಚಿತ್ರ ಇದರಿಂದ ಹುಟ್ಟಿದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆಯೊಂದು. 2019ರ ಆಗಸ್ಟಿನದು ಇನ್ನೊಂದು. 2019ರಲ್ಲಿ ಘಟ್ಟದ ಮಳೆಗೆ ಜಲಾಶಯ ತುಂಬಿ ನೀರು ಬಿಟ್ಟಾಗ ಮುನವಳ್ಳಿಯ, ರಾಮದುರ್ಗದ ತಗ್ಗಿನ ಓಣಿಗಳಿಗೆ ನದಿ ನುಗ್ಗಿತು. ನೇಕಾರರ ಮನೆಗಳಲ್ಲಿ ಮಗ್ಗಗಳು ನೀರಿನಲ್ಲಿ ನಿಂತವು.

ಇಂಥ ಹೊತ್ತಿನಲ್ಲಿ ಯಾರು ಏನು ಮಾಡಬೇಕೆಂಬುದಕ್ಕೆ 2005ರ ವಿಪತ್ತು ನಿರ್ವಹಣಾ ಕಾಯಿದೆ ಇದೆ. ಜಿಲ್ಲೆಗೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು, ತಾಲ್ಲೂಕಿಗೆ ತಹಸೀಲ್ದಾರರು. ಮಳೆ ಎಷ್ಟು ಬಿತ್ತೆಂದು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಅಳೆದು ಹೇಳುವುದು ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರಗಾಲ ಲೆಕ್ಕ ಹಾಕಲೆಂದು ಹುಟ್ಟಿದ ಘಟಕ ಅದು. ನೀರು ಎಷ್ಟು ಬಿಡುತ್ತೇವೆಂದು ಹೇಳುವವರು ನೀರಾವರಿ ಎಂಜಿನಿಯರರು. ದೋಣಿ, ಹಗ್ಗ, ತೇಲುಬಟ್ಟೆ ಹಿಡಿದು ಮೊದಲು ನೀರಿಗಿಳಿಯುವವರು ತಾಲ್ಲೂಕು ಠಾಣೆಯ ಅಗ್ನಿಶಾಮಕರು. ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್ ತುಕಡಿಗಳು ಬಂದು ಸೇರುವುದು ಆಮೇಲೆ.

ಕಾಗದದ ಮೇಲೆ ಸರಪಳಿ ಚೆನ್ನಾಗಿದೆ. ಅದರ ಕೊನೆಯ ಕೊಂಡಿ ಒಬ್ಬ ಮುದುಕಿ. ಎಮ್ಮೆ ಬಿಟ್ಟು ಬರಲಾರೆ ಎಂದು ಅಟ್ಟದ ಮೇಲೆ ಕುಳಿತವಳು. ನೀರು ಮೊಣಕಾಲಿಗಿರುವಾಗ ದೋಣಿ ತಂದರೆ ಬರುವುದಿಲ್ಲ, ಎದೆಗೆ ಬಂದಾಗ ದೋಣಿ ಅಲ್ಲಿಗೆ ಹೋಗುವುದಿಲ್ಲ. "ಯವ್ವಾ, ಎಮ್ಮಿ ಹಗ್ಗ ಬಿಚ್ಚಿ ಬಿಡೂಣು, ಅದು ಈಜತೈತಿ, ನಿನಗ ಈಜಾಕ ಬರೂದಿಲ್ಲ" ಎಂದು ಅವಳ ಮಾತಿನಲ್ಲೇ ಒಪ್ಪಿಸಿ ಕರೆತರುವವನೇ ನಿಜವಾದ ವಿಪತ್ತು ನಿರ್ವಾಹಕ. ದನಕರುಗಳನ್ನು ಎಲ್ಲಿ ಕಟ್ಟುತ್ತೀರಿ, ಮೇವು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಮೊದಲೇ ಉತ್ತರ ಸಿದ್ಧವಿರುವ ತಾಲ್ಲೂಕಿನಲ್ಲಿ ಜನ ಬೇಗ ಮನೆ ಬಿಡುತ್ತಾರೆ. ಹಿಂದೆ ಗಂಜಿ ಕೇಂದ್ರ, ಈಗ ಕಾಳಜಿ ಕೇಂದ್ರ ಎಂದು ಹೆಸರು ಬದಲಾಗಿದೆ. ಕೇಂದ್ರದ ಪಕ್ಕ ಒಂದು ಗೊಂತು ಇದೆಯೇ ಎಂಬುದೇ ಮುಖ್ಯ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ನಮ್ಮವರೇ ಇದನ್ನು ಕಂಡರು. ಶಿರೂರಿನ ಹುಡುಕಾಟಕ್ಕೆ ಸೈನ್ಯದ ತುಕಡಿ ಬಂದದ್ದು ಬೆಳಗಾವಿಯಿಂದಲೇ.

ಕೊಳವೆಬಾವಿ

ಈ ವಿಷಯ ಬರೆಯಲು ಕಷ್ಟ, ಬಿಡಲೂ ಆಗದು. 2014ರ ಆಗಸ್ಟಿನಲ್ಲಿ ರಾಮದುರ್ಗದ ಪಕ್ಕದ ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲಿ ಒಬ್ಬ ಬಾಲಕ. 2017ರ ಏಪ್ರಿಲ್ 22ರಂದು ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಬಾಲಕಿ. ಇಬ್ಬರೂ ನೀರು ಬಾರದೆ ಬಿಟ್ಟ ಕೊಳವೆಬಾವಿಗೆ ಬಿದ್ದರು, ಇಬ್ಬರೂ ಉಳಿಯಲಿಲ್ಲ. ಝುಂಜರವಾಡದಲ್ಲಿ ಎರಡು ದಿನಕ್ಕೂ ಮಿಕ್ಕಿ ಹಗಲಿರುಳು ಅಗೆದರು. 2024ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಮಗು ತಲೆಕೆಳಗಾಗಿ ಬಿದ್ದು, ಸುಮಾರು 20 ಗಂಟೆಗಳ ಬಳಿಕ ಜೀವಂತ ಹೊರಬಂತು. ಪಕ್ಕದಲ್ಲಿ ಗುಂಡಿ ತೋಡಿ, ಅಡ್ಡ ಸುರಂಗ ಕೊರೆದು, ಕಂಪನಕ್ಕೆ ಮಗು ಇನ್ನಷ್ಟು ಕೆಳಗೆ ಜಾರದಂತೆ ನೋಡಿಕೊಂಡು ತೆಗೆದರು. ಕಲ್ಲು ಅಡ್ಡ ಬಂದಾಗ ಯಂತ್ರ ನಿಲ್ಲಿಸಿ ಕೈಯುಳಿ ಹಿಡಿಯುವ ತಾಳ್ಮೆ, ಸುತ್ತ ನೆರೆದ ಸಾವಿರ ಜನರ ಸಲಹೆಗಳ ನಡುವೆ ಒಂದೇ ಯೋಜನೆಗೆ ಅಂಟಿಕೊಳ್ಳುವ ಗಟ್ಟಿತನ, ಇವು ಯಾವ ಪರೀಕ್ಷೆಯಲ್ಲೂ ಅಳೆಯಲಾಗದ ಗುಣಗಳು.

2010ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ: ಕೊರೆಸುವ 15 ದಿನ ಮೊದಲು ತಿಳಿಸಬೇಕು, ಸುತ್ತ ಬೇಲಿ ಹಾಕಬೇಕು, ಕೊಳವೆಯ ಬಾಯಿಗೆ ಗಟ್ಟಿ ಮುಚ್ಚಳ ಬಿಗಿಯಬೇಕು, ಬೇಡವಾದದ್ದನ್ನು ಮಣ್ಣು ಕಲ್ಲಿನಿಂದ ಬುಡದಿಂದ ತುದಿಯವರೆಗೆ ತುಂಬಬೇಕು. ಕಳೆದ ಬೇಸಿಗೆಯಲ್ಲಿ ನಮ್ಮ ತೋಟಗಳಲ್ಲಿ ಕೊರೆಸಿ ನೀರು ಸಿಗದೆ ಬಿಟ್ಟವು ಎಷ್ಟಿವೆ? ಗೋಣಿಚೀಲ, ಕಲ್ಲು ಮುಚ್ಚಿದರೆ ಸಾಲದು.

ಹಾಗೆಯೇ ತೆರೆದ ಬಾವಿ, ಗೋಬರ್ ಗ್ಯಾಸ್ ಗುಂಡಿ. ಬಳಸದ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಇಳಿದವನು ಮಾತಿಲ್ಲದೆ ಕುಸಿದರೆ ತಮ್ಮ ಇಳಿಯುತ್ತಾನೆ, ಆಮೇಲೆ ಆಳು ಇಳಿಯುತ್ತಾನೆ. ಒಂದು ಸಾವು ಮೂರಾಗುವುದು ಹೀಗೆ. ಅಗ್ನಿಶಾಮಕರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿಯುತ್ತಾರೆ. ಅದೂ ಅರ್ಧ ಗಂಟೆಯ ಆಸುಪಾಸು ಬರುವಂಥದು. ನೀವು ಇಳಿಯಬೇಡಿ. ಮೇಲಿನಿಂದ ಗಾಳಿ ಊದಿಸಿ, ಹಗ್ಗ ಬಿಡಿ, ಕರೆ ಮಾಡಿ.

ಈ ಉಡುಪು ತೊಡುವವರಿಗೆ

ಮೊದಲು ಪೊಲೀಸಿನ ಅಂಗವಾಗಿದ್ದ ಈ ಸೇವೆಗೆ 1964ರ ಕಾಯಿದೆ ತನ್ನದೇ ನೆಲೆ ಕೊಟ್ಟಿತು. ಸೇರುವ ದಾರಿ ಎರಡು. ಎಸ್‌ಎಸ್‌ಎಲ್‌ಸಿ ಮುಗಿಸಿದ, ಮೈಕಟ್ಟು ಇರುವವರು ಅಗ್ನಿಶಾಮಕರಾಗಿ. ವಿಜ್ಞಾನ ಪದವೀಧರರು ನೇರ ಠಾಣಾಧಿಕಾರಿಯಾಗಿ. ಕೆಳಗಿನಿಂದ ಬಂದವರು ಪ್ರಮುಖ ಅಗ್ನಿಶಾಮಕ, ಸಹಾಯಕ ಠಾಣಾಧಿಕಾರಿ, ಠಾಣಾಧಿಕಾರಿ ಎಂದು ಏರುತ್ತಾರೆ. ಅಲ್ಲಿಂದ ಜಿಲ್ಲಾ ಅಧಿಕಾರಿ, ಪ್ರಾದೇಶಿಕ ಅಧಿಕಾರಿ, ಮುಖ್ಯ ಅಧಿಕಾರಿ. ತರಬೇತಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ. ಇನ್ನೂ ಮೇಲಿನ ಕಲಿಕೆಗೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ. ಅಲ್ಲಿ ಈ ವಿಷಯದಲ್ಲೇ ಎಂಜಿನಿಯರಿಂಗ್ ಪದವಿ ಓದಬಹುದು. ಹುಡುಗರಿಗೆ ಮಾತ್ರ ಎಂದು ತಿಳಿಯಬೇಡಿ. 2002ರಲ್ಲಿ ಹರ್ಷಿಣಿ ಕನ್ಹೇಕರ್ ಆ ಕಾಲೇಜು ಸೇರಿದ ಮೊದಲ ಹುಡುಗಿಯಾದರು, ಓದು ಮುಗಿಸಿ ಓಎನ್‌ಜಿಸಿಯ ಅಗ್ನಿಶಾಮಕ ವಿಭಾಗದಲ್ಲಿ ಅಧಿಕಾರಿಯಾದರು.

ತೋಟದ ಮನೆಯಲ್ಲಿ ಬೆಳೆದ ಮಕ್ಕಳಿಗೆ ಈ ಕೆಲಸದಲ್ಲಿ ಒಂದು ಅನುಕೂಲವಿದೆ ಎಂದು ನನ್ನ ಎಣಿಕೆ. ಪಂಪುಸೆಟ್ಟು ಬಿಚ್ಚಿ ಜೋಡಿಸುವುದು, ಮರ ಯಾವ ಕಡೆ ಬೀಳುತ್ತದೆಂದು ಊಹಿಸುವುದು, ಹಗ್ಗದ ಗಂಟು, ಗಾಳಿಯ ದಿಕ್ಕು, ಹಟ ಹಿಡಿದ ದನ ಇವು ಅವರಿಗೆ ಬಾಲಪಾಠ. ಕಷ್ಟವನ್ನೂ ಮುಚ್ಚಿಡಬಾರದು. ದೀಪಾವಳಿಯ ರಾತ್ರಿ ಅವರಿಗೆ ಅತಿ ಹೆಚ್ಚು ಎಚ್ಚರದ ರಾತ್ರಿ. ಜಾತ್ರೆಯಲ್ಲಿ ಎಲ್ಲರೂ ಮನೆಯವರೊಂದಿಗೆ ಇರುವಾಗ ಅವರು ಬಂಡಿಯ ಪಕ್ಕದಲ್ಲಿ. ಹೊಗೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಬಾವಿಯಿಂದ ಎತ್ತಿದ ಮಗುವಿನ ಮುಖ ಮನಸ್ಸಿಗೆ ಇಳಿಯುತ್ತದೆ. ಉಳಿಸಿದ್ದು ಯಾರ ಕಣ್ಣಿಗೂ ಕಾಣುವುದಿಲ್ಲ. ಸುಟ್ಟದ್ದು ಎಲ್ಲರಿಗೂ ಕಾಣುತ್ತದೆ.

ನಿಮ್ಮ ಅಂಗಳಕ್ಕೆ ಅವರು ಬಂದರೆ

ಒಬ್ಬ ಠಾಣಾಧಿಕಾರಿ ಬೆಂಕಿ ಇಲ್ಲದ ದಿನ ನಿಮ್ಮ ತೋಟಕ್ಕೆ ಬಂದರೆ ಮೊದಲು ನೋಡುವುದು ಗೇಟನ್ನು. ಎರಡೂವರೆ ಮೀಟರ್ ಅಗಲದ ಬಂಡಿ ತಿರುವಿನಲ್ಲೂ ಸಲೀಸಾಗಿ ನುಗ್ಗಬೇಕು. ಆಮೇಲೆ ಹಳ್ಳದ ಮೋರಿ. ಆಮೇಲೆ ಕೃಷಿಹೊಂಡ ಅಥವಾ ಕೆರೆ, ಅದರ ದಡಕ್ಕೆ ಬಂಡಿ ಹೋಗುತ್ತದೆಯೇ ಎಂದು. ಅಡಿಕೆ ಬೇಯಿಸುವ ಒಲೆಗೂ ಒಣ ಸೋಗೆ, ಹಾಳೆಯ ರಾಶಿಗೂ ಎಷ್ಟು ದೂರ. ಅಟ್ಟದ ಕೆಳಗೆ ಪೆಟ್ರೋಲು ಡಬ್ಬಿ ಇಟ್ಟಿದ್ದೀರಾ. ಮನೆಯ ಮುಖ್ಯ ಸ್ವಿಚ್ಚು ಎಲ್ಲಿದೆ, ಕತ್ತಲಲ್ಲಿ ಹೆಂಗಸರೂ ಮಕ್ಕಳೂ ಅದನ್ನು ಆರಿಸಬಲ್ಲರೇ. ವಿದ್ಯುತ್ ಕಡಿಯುವ ಮುನ್ನ ನೀರು ಎರಚಬಾರದೆಂದು ನಿಮ್ಮ ಆಳುಗಳಿಗೆ ಹೇಳಿದ್ದೀರಾ ಎಂದೂ ಕೇಳಬಹುದು. ಸೊಪ್ಪಿನ ಬೆಟ್ಟದ ಅಂಚಿಗೆ ಜನವರಿಯೊಳಗೆ ದರಕು ಗುಡಿಸಿ ಬೆಂಕಿಗೆರೆ ತೆಗೆದಿದ್ದರೆ ಅವರ ಮುಖ ಅರಳುತ್ತದೆ.

ಕರೆ ಮಾಡುವ ಸಂಖ್ಯೆ 101 ಅಥವಾ 112. ಜಿಲ್ಲಾಧಿಕಾರಿ ಕಚೇರಿಯ ನಿಯಂತ್ರಣ ಕೊಠಡಿ 1077. ಊರು, ಮಜರೆ, ಹತ್ತಿರದ ಗುರುತು, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರೆಯೇ, ಇಷ್ಟು ಹೇಳಿ. ಅವರು ಇಡುವವರೆಗೆ ನೀವು ಫೋನು ಇಡಬೇಡಿ. ಒಬ್ಬ ಹುಡುಗನನ್ನು ಡಾಂಬರು ರಸ್ತೆಯ ಕೂಡುವಲ್ಲಿ ಬ್ಯಾಟರಿ ಕೊಟ್ಟು ನಿಲ್ಲಿಸಿ. ಬಂಡಿ ಬರುವವರೆಗಿನ ಆ ಮುಕ್ಕಾಲು ಗಂಟೆ ನಿಮ್ಮದು, ನೆರೆಮನೆಯವರದು. ಹಸಿ ಸೊಪ್ಪಿನ ಹೊರೆ, ಸ್ಪ್ರೇಯರು, ತುಂತುರು ನೀರಾವರಿಯ ಪೈಪು, ಹತ್ತು ಜೊತೆ ಕೈ ಇವುಗಳಿಂದ ಆಗುವ ಕೆಲಸ ಕಡಮೆಯದಲ್ಲ. ಎದುರು ಬೆಂಕಿ ಕೊಡುವ ವಿದ್ಯೆಯನ್ನು ಮಾತ್ರ ಬಲ್ಲವರಿಗೇ ಬಿಡಿ.

ಏಪ್ರಿಲ್ 14ರ ಸಪ್ತಾಹದಲ್ಲಿ ಠಾಣೆಗಳು ಸಾರ್ವಜನಿಕರಿಗೆ ಪ್ರಾತ್ಯಕ್ಷಿಕೆ ತೋರಿಸುತ್ತವೆ. ನಮ್ಮ ಪ್ರಾಥಮಿಕ ಸಹಕಾರಿ ಸಂಘಗಳು ಆ ವಾರ ಒಂದು ಸಭೆ ಇಟ್ಟು ಠಾಣಾಧಿಕಾರಿಗಳನ್ನು ಕರೆಯಬಹುದು. ಬೆಂಕಿಯ ಕಾಲ ಫೆಬ್ರವರಿಯಲ್ಲೇ ಶುರುವಾಗುವುದರಿಂದ, ತೋಟದ ದಾರಿಯ ನಕಾಶೆಯೊಂದನ್ನು ಕಾಗದದ ಮೇಲೆ ಬರೆದು ಅದಕ್ಕೂ ಮೊದಲೇ ಠಾಣೆಗೆ ಕೊಟ್ಟು ಬರುವುದು ಒಳ್ಳೆಯದು. ಹೋದಾಗ ಹೈಸ್ಕೂಲು ಮುಗಿಸಿದ ಮಕ್ಕಳನ್ನೂ ಜತೆಗೆ ಕರೆದೊಯ್ಯಿರಿ. ಅವರು ಬಂಡಿ ಹತ್ತಿ ನೋಡಲಿ, ಕೇಳಬೇಕಾದ್ದನ್ನು ಸಿಬ್ಬಂದಿಯ ಬಾಯಿಂದಲೇ ಕೇಳಲಿ.